ಟೆಲಿಸ್ಕೋಪಿಕ್ ಪರದೆ ರಾಡ್: ಕಿಡಕಿ ಮ್ಯಾಲೆ ಡ್ರಿಲ್ ಇಳಿಯವಲ್ದು, ಬ್ರ್ಯಾಕೆಟ್ ಎಲ್ಲಿ ಹಾಕೋದು?

ನವನಗರ_ಮನಿ (ಬಾಗಲಕೋಟೆ):
ನವನಗರದಾಗ ಆರ್‌ಸಿಸಿ ಮನಿ, ಹಾಲ್ ಕಿಡಕಿ 5 ಅಡಿ ಅಗಲ ಐತಿ. ರಾಡ್ 4ರಿಂದ 7 ಅಡಿತನಕ ಉದ್ದ ಆಗೋದು. ಪ್ಯಾಕೆಟ್‌ನ್ಯಾಗ ಎರಡು ಪೈಪು, ತುದಿಗೆ ಹಾಕೋ ಗುಂಡು ಎರಡು, ಬ್ರ್ಯಾಕೆಟ್ ಎರಡು, ಒಂದಿಂಚಿನ ಸ್ಕ್ರೂ ಮತ್ತ ಗಿಟ್ಟಿ (ಸ್ಕ್ರೂ ಹಿಡಿಯಾಕ ತೂತಿನ್ಯಾಗ ಬಡಿಯೋ ಪ್ಲಾಸ್ಟಿಕ್ ತುಂಡು) ನಾಲ್ಕು ನಾಲ್ಕು ಅದಾವು. ಪರದೆ ದಪ್ಪಂದು, ರಿಂಗ್ ಇರೋದು, ಎರಡು ಪೀಸ್. ಚೌಕಟ್ಟಿನಿಂದ 3 ಇಂಚು ಮ್ಯಾಲೆ ತೂತು ಹಾಕಿದ್ರ ಅರ್ಧ ಇಂಚಿನ ಮುಂದ ಬಿಟ್ ಹೋಗವಲ್ದು. ಬ್ರ್ಯಾಕೆಟ್ ಎರಡು ಸಾಕೇನ್ರಿ? ಡ್ರಿಲ್ ಇಲ್ಲದ ಕೂಡಸೋ ಸ್ಪ್ರಿಂಗ್ ರಾಡ್ ನಡಿತೈತೇನು?

ಎರಡು_ಸೂತ (ಬೆಳಗಾವಿ):
ಅರ್ಧ ಇಂಚಿಗೆ ನಿಂತೈತಿ ಅಂದ್ರ ಗಿಲಾವ್ (ಪ್ಲಾಸ್ಟರ್) ಮುಗೀತು, ಲಿಂಟಲ್ ಅಂದ್ರ ಕಿಡಕಿ ಮ್ಯಾಲಿನ ತೊಲಿಯ ಕಾಂಕ್ರೀಟ್ ಶುರುವಾತು ಅಂತ ಅರ್ಥ. ಬರೇ ತಿರುಗೋ ಡ್ರಿಲ್ ಅಲ್ಲಿ ಕೆಲಸಕ್ಕ ಬರಂಗಿಲ್ಲ. ಮಷಿನ್ ಮ್ಯಾಲೆ ಸುತ್ತಿಗಿ ಚಿತ್ರ ಇರ್ತೈತಿ, ಸ್ವಿಚ್ ಆ ಕಡೆ ಮಾಡಿ, 6 ಎಂಎಂ ಗೋಡಿ ಬಿಟ್ ಹಾಕ್ರಿ. ತುದಿ ಮೊಂಡಾಗಿದ್ರ ಬಿಟ್ ಬದಲಿ ಮಾಡ್ರಿ.

ತೂತಿನಿಂದ ಬರೋ ಪುಡಿ ನೋಡ್ಕೋತ ಹೋಗ್ರಿ. ಬೂದಿ ಬಣ್ಣ ಇದ್ರ ಕಾಂಕ್ರೀಟು, ಕೆಂಪಗಿದ್ರ ಇಟ್ಟಂಗಿ. ಪುಡಿ ನಿಂತು ಬಿಟ್ ಕಿರುಚಾಕ ಹತ್ತಿದ್ರ ಒಳಗಿನ ಸರಳಿಗೆ ತಾಗೈತಿ, ಒಂದಿಂಚು ಪಕ್ಕಕ್ಕ ಸರಿಸ್ರಿ. ಅಲ್ಲೇ ಒತ್ತಿದ್ರ ಬಿಟ್ ಹಾಳು. ಕೆಂಪು ಪುಡಿ ಬಂದ ಕೂಡಲೇ ಸುತ್ತಿಗಿ ಏಟು ಬಂದ್ ಮಾಡ್ರಿ. ಇಲ್ಲಂದ್ರ ಇಟ್ಟಂಗಿ ಒಡೆದು ತೂತು ದೊಡ್ಡದಾಗಿ ಗಿಟ್ಟಿ ಸುಮ್ನ ತಿರಗತೈತಿ.

ಪ್ಯಾಕೆಟ್‌ನ ಒಂದಿಂಚಿನ ಗಿಟ್ಟಿ ಬಳಸಬ್ಯಾಡ್ರಿ. ಅದರ ಅರ್ಧ ಬರೇ ಗಿಲಾವ್‌ನ್ಯಾಗ ಕೂಡ್ತೈತಿ. ದಪ್ಪ ಪರದೆ ದಿನಾ ಎಳೆದು ಎಳೆದು ಗಿಲಾವ್ ಸಮೇತ ಕಿತ್ತು ಬರೋದು ಇದ ಕಾರಣಕ್ಕ. 40 ಎಂಎಂ ಉದ್ದದ ಗಿಟ್ಟಿ, 8 ನಂಬರ್ ಸ್ಕ್ರೂ ತೊಗೊಂಡು, ಬಿಟ್‌ಗೆ 45 ಎಂಎಂಗೆ ಟೇಪ್ ಸುತ್ತಿ ಗುರುತು ಮಾಡಿ ಅಷ್ಟ ಆಳ ಕೊರೀರಿ. ತೂತಿನ ಒಳಗಿನ ಪುಡಿ ಸೈಕಲ್ ಪಂಪ್‌ನಿಂದ ಊದಿ ತಗೀರಿ. ಪುಡಿ ಉಳಿದ್ರ ಗಿಟ್ಟಿ ಅರ್ಧಕ್ಕ ನಿಂತು, ಬಡಿದ್ರ ತಲಿ ಹರಡಿಬಿಡತೈತಿ.

ಸ್ವಿಚ್ ಬೋರ್ಡಿನ ನೇರ ಮ್ಯಾಲೆ ಅಂತೂ ತೂತು ಹಾಕಲೇಬ್ಯಾಡ್ರಿ, ವೈರಿನ ಪೈಪು ಅಲ್ಲೇ ಏರಿರತೈತಿ.

ಪಡದಿ_ಕೆಲಸ (ವಿಜಯಪುರ):
ಬ್ರ್ಯಾಕೆಟ್ ಎರಡು ಸಾಲಂಗಿಲ್ರಿ. ಕಿಡಕಿ 5 ಅಡಿ, ಎರಡೂ ಕಡೆ 6 ಇಂಚು ಬಿಟ್ರ ಬ್ರ್ಯಾಕೆಟ್ ನಡುವ 6 ಅಡಿ ಆಯ್ತು. ಅಷ್ಟು ಉದ್ದಕ್ಕ ದಪ್ಪ ಪರದೆ ಹಾಕಿದ್ರ ನಡುವ ಬಾಗೋದು ಖಾತ್ರಿ. ಮೂರನೇ ಬ್ರ್ಯಾಕೆಟ್ ಬೇರೆ ತರ್ರಿ, ಪೈಪಿನ ದಪ್ಪ ಅಳೆದು ಅದೇ ಸೈಜಿಂದು.

ಪೈಪು ಒಂದೊಂದು ಸುಮಾರು 4 ಅಡಿ ಇರ್ತದ. 6 ಅಡಿಗೆ ಎಳೆದ್ರ ಒಂದರೊಳಗೊಂದು 2 ಅಡಿ ಉಳಿತದ, ಗಟ್ಟಿ. ಪೂರಾ 7 ಅಡಿಗೆ ಎಳೆದ್ರ ಉಳಿಯೋದು ಒಂದ ಅಡಿ, ಬಾಗೋದು ಅಲ್ಲೇ ಶುರು ಆಗ್ತದ.

ದಪ್ಪ ಪೈಪು ಮುಗಿಯೋ ಅಂಚು ಇದ್ದದ್ದೇ ತೊಂದ್ರಿ. ದಪ್ಪದಿಂದ ಸಣ್ಣದಕ್ಕ ರಿಂಗ್ ಸುಲಭ ಜಾರ್ತದ, ಸಣ್ಣದರಿಂದ ದಪ್ಪಕ್ಕ ಬರುವಾಗ ಅಂಚಿಗೆ ಸಿಗ್ತದ. ನಡುವಿನ ಬ್ರ್ಯಾಕೆಟ್‌ನ ಆದಷ್ಟು ಹತ್ತಿರಕ್ಕ ಆ ಅಂಚು ಬರೋ ಹಂಗ ರಾಡ್ ಕೂಡಸ್ರಿ. ಎರಡು ಪೀಸ್ ಪರದೆ ಇರೋದರಿಂದ ಒಂದೊಂದು ಒಂದೊಂದು ಬದಿಗೆ ಇರ್ತದ, ರಿಂಗು ಅಂಚು ದಾಟೋ ಪ್ರಸಂಗ ಕಡಿಮಿ. ಪೈಪಿನ ಉದ್ದಕ್ಕ ಜೋಡಿನ ಗೆರಿ ಇದ್ರ ಅದು ಕೆಳಗ, ಗೋಡಿ ಕಡೆ ಬರಲಿ. ರಿಂಗ್ ಜಾರೋದು ಪೈಪಿನ ಮ್ಯಾಲೆ.

ಪೋಣಿಸುವಾಗ ಎರಡೂ ಹೊರ ತುದಿಗೆ ಒಂದೊಂದು ರಿಂಗ್ ಬ್ರ್ಯಾಕೆಟ್‌ಗೂ ಗುಂಡಿಗೂ ನಡುವ ಬಿಡ್ರಿ. ಪರದೆ ಎಳೆದಾಗ ಆ ತುದಿ ಅಲ್ಲೇ ನಿಲ್ತದ. ಒಂದು ಪೀಸಿಗೆ ರಿಂಗ್ ಸಮ ಸಂಖ್ಯೆ ಇರಬೇಕು, ಅಂದ್ರ ಎರಡೂ ಅಂಚು ಗೋಡಿ ಕಡೆ ತಿರಗ್ತಾವ.

ನವನಗರ_ಮನಿ:
ಮೂರೂ ಬ್ರ್ಯಾಕೆಟ್ ಒಂದ ಸಮ ಬರಬೇಕಂದ್ರ? ಮತ್ತ ಸ್ಪ್ರಿಂಗ್ ರಾಡ್ ಬಗ್ಗೆ ಯಾರೂ ಹೇಳಲಿಲ್ಲ.

ಪಡದಿ_ಕೆಲಸ:
ತುದಿಯ ಎರಡು ಮೊದಲು. ಗಾರೆಯವರ ನೀರಿನ ಲೆವೆಲ್ ಪೈಪು ಸಿಕ್ಕರ ಅದರಿಂದ ಗುರುತು ಮಾಡ್ರಿ. ಆದ್ರ ಚೌಕಟ್ಟೇ ಒಂದೆರಡು ಸೂತ (ಸೂತ ಅಂದ್ರ ಇಂಚಿನ ಎಂಟನೇ ಒಂದು ಭಾಗ) ಓರೆ ಇದ್ರ ಚೌಕಟ್ಟಿಗೇ ಹೊಂದಸ್ರಿ, ಕಣ್ಣು ಅದನ್ನ ನೋಡ್ತದ. ಎರಡರ ನಡುವ ದಾರ ಬಿಗಿದು ಕಟ್ಟಿ, ದಾರಕ್ಕ ಹಿಡಿದು ನಡುವಿಂದು ಕೊನಿಗೆ ಹಾಕ್ರಿ. ಅದು ಒಂದು ಸೂತ ಮ್ಯಾಲೆ ಹೋದ್ರೂ ರಾಡ್ ತುದಿಯ ಬ್ರ್ಯಾಕೆಟ್‌ನ್ಯಾಗ ಕೂಡಂಗಿಲ್ಲ.

ಸಣ್ಣ ಪೈಪಿನ ಕಡೆ ಬ್ರ್ಯಾಕೆಟ್ ಸಡಿಲ ಆಗ್ತದ. ಸೈಕಲ್ ಟ್ಯೂಬಿನ ಒಂದು ತುಂಡು ಒಳಗಿಟ್ಟು ಬ್ರ್ಯಾಕೆಟ್ಟಿನ ಸಣ್ಣ ಸ್ಕ್ರೂ ಬಿಗೀರಿ.

ಎರಡು_ಸೂತ:
ಸ್ಪ್ರಿಂಗ್ ರಾಡ್ ನಿಮ್ಮ ಹಾಲ್‌ಗೆ ಬ್ಯಾಡ. ಅದು ಎರಡು ಎದುರು ಗೋಡಿ ನಡುವ ಒತ್ತಿ ನಿಲ್ಲೋದು; ಬಚ್ಚಲ, ಅಡಗಿಮನಿ ಸಣ್ಣ ಕಿಡಕಿಗೆ, ಹಗುರ ಅರಿವಿಗೆ ಸರಿ. ಹಾಕುವಾಗ ಕಿಡಕಿ ಅಳತಿಗಿಂತ ಅರ್ಧ-ಮುಕ್ಕಾಲು ಇಂಚು ಉದ್ದ ತಿರುವಿ, ಒತ್ತಿ ಕೂಡಸ್ರಿ. ಸುಣ್ಣ ಹಚ್ಚಿದ ಗೋಡಿ ಇದ್ರ ರಬ್ಬರ್ ತುದಿ ಪುಡಿ ಮ್ಯಾಲೆ ಜಾರತೈತಿ, ಒದ್ದಿ ಅರಿವಿಲೆ ಒರಸಿ, ಒಣಗಿದ ಮ್ಯಾಲೆ ಹಾಕ್ರಿ.

ಕಲ್ಲ್_ಗೋಡಿ (ವಿಜಯಪುರ):
ಹಳೇ ಕಲ್ಲಿನ ಮನಿಯವರು ಓದಾಕತ್ತಿದ್ರ: ಕಲ್ಲಿನ ನಡುವಿನ ಮಣ್ಣಿನ ಸಂದಿಯಾಗ ಗಿಟ್ಟಿ ಬಡಿಬ್ಯಾಡ್ರಿ, ಹಿಡಿಯಂಗಿಲ್ಲ. ಕಲ್ಲಿನ ಅಂಚಿನ್ಯಾಗೂ ಬ್ಯಾಡ, ಚಕ್ಕಿ ಎದ್ದು ಬರ್ತದ. ಕಟ್ಟಿಗಿ ಚೌಕಟ್ಟು ಗಟ್ಟಿ ಇದ್ರ ಅದರ ಮ್ಯಾಲಿನ ಅಡ್ಡ ಕಟ್ಟಿಗಿಗೇ ಬ್ರ್ಯಾಕೆಟ್ ಹಾಕ್ರಿ. ಗಿಟ್ಟಿ ಬೇಕಾಗಿಲ್ಲ. ಮೊದಲು 3 ಎಂಎಂ ತೂತು ಹಾಕಿ, ಆಮೇಲೆ ಒಂದಿಂಚಿನ ಸ್ಕ್ರೂ. ತೂತು ಹಾಕದ ತಿರುವಿದ್ರ ಒಣಗಿದ ಸಾಗವಾನಿ ಸೀಳ್ತದ.