ಆರೈಕೆಯಲ್ಲೇ ಬದುಕು ಸವೆಸಿದ ತಾಯಿಯ ಬಗ್ಗೆ ಬರೆದಿಡುವುದು ಹೇಗೆ?

ಪ್ರಶ್ನೆ

ನಮ್ಮ ತಾಯಿ ಕಳೆದ ವರ್ಷ ತೀರಿಕೊಂಡರು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ತಂದೆಯವರನ್ನು ಅವರು ಕೊನೆಯವರೆಗೂ ಮನೆಯಲ್ಲಿಯೇ ನೋಡಿಕೊಂಡರು. ಆಮೇಲೆ ಮರೆವಿನ ಕಾಯಿಲೆಗೆ ತುತ್ತಾದ ತಮ್ಮ ಅಕ್ಕನನ್ನೂ ಕರೆತಂದು ಉಪಚರಿಸಿದರು. ಅವರನ್ನು ಸರಿಯಾಗಿ ಅರಿಯುವಷ್ಟು ದೊಡ್ಡವರಾಗಿರದ ಮೊಮ್ಮಕ್ಕಳಿಗಾಗಿ ಅವರ ಬದುಕನ್ನು ಬರೆದಿಡಬೇಕೆಂದು ಒಡಹುಟ್ಟಿದವರೆಲ್ಲ ಸೇರಿ ನಿರ್ಧರಿಸಿದ್ದೇವೆ. ಆದರೆ ಬರೆಯಲು ಕುಳಿತರೆ ತಾಳ್ಮೆ, ಮಮತೆ, ತ್ಯಾಗ ಎಂಬ ಹೊಗಳಿಕೆಗಳೇ ಸಾಲುಗಟ್ಟುತ್ತವೆ; ಹೆಸರೊಂದನ್ನು ಬದಲಿಸಿದರೆ ಅದು ಯಾರ ತಾಯಿಯ ಕುರಿತಾದರೂ ಆಗಬಹುದು. ಕಾಯಿಲೆಯ ವರ್ಷಗಳೇ ಕಣ್ಣ ಮುಂದೆ ನಿಲ್ಲುವುದರಿಂದ ಅದಕ್ಕೂ ಹಿಂದೆ ಅವರು ಹೇಗಿದ್ದರೆಂಬುದು ನೆನಪಿಗೇ ಬರುತ್ತಿಲ್ಲ. ಅವರ ಆಯಾಸವನ್ನೂ ಸಿಟ್ಟನ್ನೂ ಬರೆಯಲೇಬಾರದೆಂದು ತಂಗಿ ಪಟ್ಟು ಹಿಡಿದಿದ್ದಾಳೆ. ಇಂಥ ಬರವಣಿಗೆಯನ್ನು ಮಾಡಿದವರು ದಯವಿಟ್ಟು ದಾರಿ ತೋರಿಸಬೇಕು.

ಮೊದಲ ಉತ್ತರ

ನಾನು ಬಹುಕಾಲ ಶುಶ್ರೂಷಕಿಯಾಗಿದ್ದವಳು. ನಿಮ್ಮ ತಾಯಿ ಎಂಥವರು ಎಂದು ಬರೆಯುವುದನ್ನು ಸದ್ಯಕ್ಕೆ ಬದಿಗಿಟ್ಟು, ಅವರು ಏನು ಮಾಡುತ್ತಿದ್ದರು ಎಂಬುದನ್ನು ಬೆಳಗಿನಿಂದ ರಾತ್ರಿಯವರೆಗೆ ಒಂದೊಂದಾಗಿ ಬರೆಯಿರಿ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕಾಗುತ್ತದೆ, ರಾತ್ರಿಯಲ್ಲೂ ಅದನ್ನು ಪೂರ್ತಿ ಬಿಡುವಂತಿಲ್ಲ. ಹಿಮ್ಮಡಿ, ಸೊಂಟದ ಕೆಳಭಾಗ, ಮೊಣಕೈಗಳಲ್ಲಿ ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ ಮೊದಲ ಸೂಚನೆ. ಪಾರ್ಶ್ವವಾಯು ತಗುಲಿದವರಿಗೆ ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೆಟ್ಟಗೆ ಕೂರಿಸಿ, ಸ್ವಲ್ಪಸ್ವಲ್ಪವಾಗಿ ಉಣಿಸಿ, ಒಂದು ತುತ್ತು ಇಳಿಯುವವರೆಗೆ ಕಾಯಬೇಕು. ಬಲಹೀನವಾದ ಕೆನ್ನೆಯೊಳಗೆ ಅನ್ನದ ಅಗುಳು ಉಳಿದಿದೆಯೇ ಎಂದು ನೋಡಬೇಕು, ಇಲ್ಲವಾದರೆ ಅದು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗುವ ಅಪಾಯವಿದೆ. ಸ್ವಾಧೀನ ತಪ್ಪಿದ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲಿಗೇ ಪೆಟ್ಟಾಗುತ್ತದೆ. ಇವನ್ನೆಲ್ಲ ಯಾವ ತರಬೇತಿಯೂ ಇಲ್ಲದೆ ಗೃಹಿಣಿಯೊಬ್ಬರು ಕಲಿತು ನಡೆಸಿದ್ದರೆ ಅದು ಬುದ್ಧಿ, ಗಮನ ಮತ್ತು ಕೈಚಳಕದ ಕೆಲಸ. ತಂದೆಯವರ ಮೈಮೇಲೆ ಹುಣ್ಣಾಗಿರಲಿಲ್ಲವೆಂದಾದರೆ ಆ ಒಂದು ವಾಕ್ಯವನ್ನು ತಪ್ಪದೆ ಬರೆಯಿರಿ. ಔಷಧಿಯ ವೇಳೆ, ಜ್ವರದ ಏರಿಳಿತಗಳನ್ನು ಗುರುತು ಹಾಕಿಟ್ಟ ಚೀಟಿ ಅಥವಾ ಕ್ಯಾಲೆಂಡರುಗಳು ಸಿಕ್ಕರೆ ಎಸೆಯದಿರಿ. ನಿಮ್ಮೆಲ್ಲರ ನೆನಪಿಗಿಂತ ಅವು ಹೆಚ್ಚು ನಂಬಿಕೆಗೆ ಅರ್ಹ.

ಎರಡನೆಯ ಉತ್ತರ

ಕಾಯಿಲೆಗಿಂತ ಹಿಂದಿನ ತಾಯಿಯನ್ನು ನೀವು ನಿಮ್ಮ ನೆನಪಿನಲ್ಲಿ ಮಾತ್ರ ಹುಡುಕಿದರೆ ಸಿಗುವುದು ಕಷ್ಟ, ಏಕೆಂದರೆ ಮಕ್ಕಳು ಕಂಡಿದ್ದು ಅವರ ಬದುಕಿನ ಉತ್ತರಾರ್ಧವನ್ನು. ವಯಸ್ಸಾದವರಿಗೆ ತಮ್ಮ ಸುಮಾರು 10ರಿಂದ 30ರ ವಯಸ್ಸಿನ ನಡುವಿನ ನೆನಪುಗಳು ಉಳಿದವುಗಳಿಗಿಂತ ಹೇರಳವಾಗಿ ಉಳಿದಿರುತ್ತವೆಂದು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಆದ್ದರಿಂದ ನಿಮ್ಮ ತಾಯಿಯೊಂದಿಗೆ ಆಡಿ ಬೆಳೆದ ತಮ್ಮ, ತಂಗಿ, ಗೆಳತಿಯರು ಯಾರಾದರೂ ಇದ್ದರೆ ತಡಮಾಡದೆ ಹೋಗಿ ಕೇಳಿ. ಕೆನಡಾದ ಮನೋವೈದ್ಯ ಹಾರ್ವಿ ಚೋಚಿನೋವ್ ಮತ್ತು ಸಂಗಡಿಗರು ಸಾವಿನ ಸಮೀಪದಲ್ಲಿರುವವರಿಗಾಗಿ ರೂಪಿಸಿ 2005ರಲ್ಲಿ ಪ್ರಕಟಿಸಿದ ಕ್ರಮವೊಂದಿದೆ: ರೋಗಿಯೊಡನೆ ಮಾತಾಡಿ, ಅದನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಅವರಿಗೇ ಓದಿ ಹೇಳಿ ತಿದ್ದಿಸಿ, ಕೊನೆಗೆ ಮನೆಯವರಿಗೆ ಉಳಿಯುವಂತೆ ಕೊಡುತ್ತಾರೆ. ಅಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು, ನೀವು ಅತ್ಯಂತ ಜೀವಂತವಾಗಿದ್ದೀರಿ ಎನ್ನಿಸಿದ ಕಾಲ ಯಾವುದು ಎಂಬುದು. ನಿಮ್ಮ ತಾಯಿಯನ್ನು ಕೇಳುವ ಅವಕಾಶ ಈಗಿಲ್ಲ. ಆದರೆ ಅವಳು ಯಾವಾಗ ಹಾಗಿದ್ದಳು ಎಂದು ಗೆಳತಿಯನ್ನು ಕೇಳಬಹುದು. ನನ್ನ ತಾಯಿ ಗಣಿತದಲ್ಲಿ ಮುಂದಿದ್ದರೆಂಬುದು, ಓದು ನಿಂತಾಗ ವಾರಗಟ್ಟಲೆ ಯಾರೊಡನೆಯೂ ಮಾತಾಡಿರಲಿಲ್ಲವೆಂಬುದು ನನಗೆ ತಿಳಿದದ್ದು ಹೀಗೆ ಕೇಳಿದಾಗಲೇ.

ಮೂರನೆಯ ಉತ್ತರ

ತಂಗಿಯವರ ಆತಂಕ ಅರ್ಥವಾಗುತ್ತದೆ, ಆದರೂ ಆಯಾಸವನ್ನು ಬರೆಯಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮುರಿದ ನಿದ್ದೆ, ಹೊರಗಿನ ಜಗತ್ತಿನೊಡನೆ ಕಡಿದುಹೋದ ಒಡನಾಟ, ತನ್ನ ಆರೋಗ್ಯವನ್ನು ಮುಂದೂಡುತ್ತಲೇ ಹೋಗುವುದು, ಇವು ದೀರ್ಘಕಾಲ ಆರೈಕೆ ಮಾಡುವ ಹಲವರಲ್ಲಿ ಕಾಣುವ ಸಂಗತಿಗಳು. ಅವನ್ನು ಅಳಿಸಿಬಿಟ್ಟರೆ ಆ ದುಡಿಮೆ ತಾನಾಗಿ ನಡೆದುಹೋಯಿತೆಂಬ ಭಾವನೆ ಮೊಮ್ಮಕ್ಕಳಲ್ಲಿ ಮೂಡುತ್ತದೆ, ಮುಂದೆ ಮನೆಯಲ್ಲಿ ಮತ್ತೊಬ್ಬ ಹೆಣ್ಣುಮಗಳಿಂದ ಅದನ್ನೇ ನಿರೀಕ್ಷಿಸುವ ರೂಢಿಯೂ ಬೆಳೆಯುತ್ತದೆ. ಅವರಿಗೆ ಯಾರು ಕೈಜೋಡಿಸಿದರು, ಬಿಡುವು ಯಾವಾಗ ಸಿಗುತ್ತಿತ್ತು ಎಂಬುದನ್ನೂ ಬರೆಯಿರಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಆರೈಕೆ ಪಡೆದ ತಂದೆ ಮತ್ತು ದೊಡ್ಡಮ್ಮನವರೂ ಈ ಬರಹದೊಳಗೆ ಇದ್ದಾರೆ. ಅವರ ದೇಹದ ಅಸಹಾಯಕತೆಯ ವಿವರಗಳಲ್ಲಿ ಯಾವುದನ್ನು ಅವರು ಒಪ್ಪುತ್ತಿರಲಿಲ್ಲವೋ ಅದನ್ನು ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ತಂದೆಯವರಿಗೆ ಹುಣ್ಣಾಗಿರಲಿಲ್ಲ, ಅದು ಹೇಳಬೇಕಾದ ಮಾತೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೂರನೆಯ ಉತ್ತರವನ್ನು ತಂಗಿಗೆ ಓದಿ ಹೇಳಿದೆ. ಸಿಟ್ಟಿನ ಪ್ರಸಂಗಗಳನ್ನು ತಾನೇ ಬರೆಯುವುದಾಗಿ, ಅವುಗಳಲ್ಲಿ ಬರುವ ಬಂಧುಗಳ ಹೆಸರನ್ನು ಮಾತ್ರ ಕೈಬಿಡುವುದಾಗಿ ಹೇಳಿದ್ದಾಳೆ. ತಾಯಿಯ ಕಿರಿಯ ತಮ್ಮ ಇನ್ನೂ ಇದ್ದಾರೆ, ಅವರಿಗೆ ಕಿವಿ ಮಂದವಾಗಿರುವುದರಿಂದ ಪ್ರಶ್ನೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು ಈ ವಾರವೇ ಹೋಗುತ್ತಿದ್ದೇವೆ.