ಕೊಡಗಿನಲ್ಲಿ ಗುತ್ತಿಗೆದಾರರ ಬಿಲ್ ನೋಡುವ ಕೆಲಸ: ಅನುಭವ ಇದ್ದವರು ಹೇಳಿ

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನನ್ನ ಊರು ದಾವಣಗೆರೆ ಕಡೆ, ಓದಿದ್ದು ಬಿ.ಕಾಂ. ಎರಡು ತಿಂಗಳ ಹಿಂದೆ ಮಡಿಕೇರಿಗೆ ಪೋಸ್ಟಿಂಗ್ ಆಯಿತು. ಗುತ್ತಿಗೆದಾರರ ಕೆಲಸ ಎಷ್ಟು ಆಗಿದೆ, ಬಿಲ್ ಎಷ್ಟು ಬಂದಿದೆ, ಎರಡೂ ತಾಳೆ ಆಗುತ್ತದಾ ಅಂತ ನೋಡಿ ಟಿಪ್ಪಣಿ ಬರೆಯಬೇಕು. ತಡೆಗೋಡೆ, ಮೋರಿ, ರಸ್ತೆ, ಮಣ್ಣು ತೆರವು, ಇವೇ ಜಾಸ್ತಿ. ಏನಾದರೂ ಕೇಳಿದರೆ "ಮೇಡಂ, ನಿಮಗೆ ಅದು ಅರ್ಥ ಆಗಲ್ಲ" ಅನ್ನುತ್ತಾರೆ. ಕೆಲಸ ಯಾಕೆ ತಡ ಅಂದರೆ ಎಲ್ಲರದೂ ಒಂದೇ ಉತ್ತರ, ಮಳೆ. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಲೆಕ್ಕ ಅಧೀಕ್ಷಕ, ವಿರಾಜಪೇಟೆ

ನೋಡಮ್ಮಾ, ನಾನೂ ಇಂಜಿನಿಯರ್ ಅಲ್ಲ. ಆದರೂ ಇದೇ ಕೆಲಸದಲ್ಲಿ ಸರ್ವಿಸ್ ಮುಗಿಸಿದೆ. ಸಿಮೆಂಟ್ ಒಳ್ಳೆಯದಾ ಕೆಟ್ಟದ್ದಾ ಅಂತ ನಿಮಗೆ ಗೊತ್ತಾಗದಿದ್ದರೆ ಪರವಾಗಿಲ್ಲ. ತಾರೀಕು ಓದಲು ಬರುತ್ತದಲ್ವಾ? ಕಾರ್ಯಾದೇಶ, ಅಳತೆ ಪುಸ್ತಕ (ಆದ ಕೆಲಸದ ಅಳತೆ ಬರೆಯುವ ಪುಸ್ತಕ), ಕ್ಯೂಬ್ ಪರೀಕ್ಷೆ, ಬಿಲ್, ಈ ನಾಲ್ಕರ ತಾರೀಕನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಕ್ಯೂಬ್ ಅಂದರೆ ಅದೇ ಕಾಂಕ್ರೀಟಿನ ಮಾದರಿ ತುಂಡು; ಕಾಂಕ್ರೀಟ್ ಹಾಕಿ 7 ದಿನ ಆದ ಮೇಲೆ ಒಮ್ಮೆ, 28 ದಿನ ಆದ ಮೇಲೆ ಒಮ್ಮೆ ಅದನ್ನು ಒಡೆದು ನೋಡುತ್ತಾರೆ. ಕಾಂಕ್ರೀಟ್ ಹಾಕಿ ಹದಿನೈದು ದಿನ ಆಗಿಲ್ಲ, 28 ದಿನದ ವರದಿ ಆಗಲೇ ಫೈಲಿನಲ್ಲಿ ಕೂತಿತ್ತು, ನನ್ನ ಮೇಜಿಗೆ ಬಂದ ಒಂದು ಕೇಸಿನಲ್ಲಿ. ಹಿಡಿಯೋಕೆ ಗೋಡೆ ಮೇಲಿನ ಕ್ಯಾಲೆಂಡರ್ ಸಾಕಾಯಿತು.

ಇನ್ನು ಮಳೆ. ಕೊಡಗಿನಲ್ಲಿ ಮಳೆ ಸುಳ್ಳು ನೆಪ ಅಲ್ಲ. ಆದರೆ ಭಾಗಮಂಡಲದಷ್ಟು ಮಳೆ ಕುಶಾಲನಗರದಲ್ಲಿ ಬೀಳಲ್ಲ. ಕುಶಾಲನಗರ ಕಡೆಯ ಚರಂಡಿ ಕೆಲಸಕ್ಕೆ ಮಡಿಕೇರಿಯ ಮಳೆ ಲೆಕ್ಕ ಲಗತ್ತಿಸಿ ಹೆಚ್ಚುವರಿ ಸಮಯ ಕೇಳಿದವರನ್ನು ನೋಡಿದ್ದೇನೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಹೋಬಳಿ, ಪಂಚಾಯಿತಿ ಮಟ್ಟದಲ್ಲೇ ಇವೆ. ಕೆಲಸ ನಡೆದ ಜಾಗದ ಲೆಕ್ಕವನ್ನೇ ಕೇಳಿ. ಇನ್ನೊಂದು ದಾರಿಯೂ ಇದೆ. ಇಲ್ಲಿ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಮಳೆ ಮಾಪಕ ಇರುತ್ತದೆ. ಬೆಳಿಗ್ಗೆ ಎದ್ದವರೇ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಕೆಲವರ ಮನೆಯಲ್ಲಿ ಅಜ್ಜನ ಕಾಲದ ಡೈರಿಯೂ ಸಿಗುತ್ತದೆ. ಅದು ಫೈಲಿಗೆ ದಾಖಲೆ ಆಗಲ್ಲ. ಆದರೆ ಯಾವ ವಾರದ ಬಗ್ಗೆ ಪ್ರಶ್ನೆ ಕೇಳಬೇಕು ಅಂತ ನಿಮಗೆ ತಿಳಿಯುತ್ತದೆ. (ಅವರ ಮನೆ ಕಾಫಿ ಕುಡಿಯಬಹುದು. ಗುತ್ತಿಗೆದಾರರು ತರುವ ಜೇನು ಬೇಡ.)

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೆಲಸ ನಿಧಾನ ಆಯಿತು ಅಂದರೆ ಅದಕ್ಕೆ ಕಾರಣ ಕಾಫಿ ಕೊಯ್ಲು. ಆಳುಗಳೆಲ್ಲ ತೋಟದಲ್ಲಿರುತ್ತಾರೆ. ಟೆಂಡರ್ ಹಾಕುವಾಗ ಅದು ಅವರಿಗೂ ಗೊತ್ತಿತ್ತು ತಾನೇ?

ಜೆಇ, ಸೋಮವಾರಪೇಟೆ ಕಡೆ

"ಅರ್ಥ ಆಗಲ್ಲ" ಅನ್ನುವ ಗುಂಪಿನ ಜೂನಿಯರ್ ಇಂಜಿನಿಯರೇ ನಾನು, ಕ್ಷಮಿಸಿ ಮೇಡಂ. ಒಂದು ಮಾತು ನಮ್ಮ ಕಡೆಯಿಂದ. ತೊಂದರೆ ಜಾಸ್ತಿ ಇರುವುದು ಮಣ್ಣು ತೆರವಿನಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇಲ್ಲಿದ್ದವರಿಗೆ ಗೊತ್ತು, ಆಗ ರಸ್ತೆ ಬಿಡಿಸುವುದೊಂದೇ ಯೋಚನೆ. ಸರ್ಕಾರ ಘೋಷಿಸಿದ ವಿಕೋಪದ ಅವಧಿಯಲ್ಲಿ ಟೆಂಡರ್ ಇಲ್ಲದೆ ಕೆಲಸ ಕೊಡಲು 1999ರ ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ) ಕಾಯ್ದೆಯ ಸೆಕ್ಷನ್ 4(ಎ)ನಲ್ಲಿ ಅವಕಾಶ ಇದೆ. ಆದರೆ ವಿನಾಯಿತಿ ಟೆಂಡರಿಗೆ ಮಾತ್ರ, ಅಳತೆಗೆ ಇಲ್ಲ. ಇದನ್ನು ಸುಮಾರು ಜನ ಮರೆಯುತ್ತಾರೆ.

ರಾತ್ರಿ ರಸ್ತೆಗೆ ಬಿದ್ದ ಮಣ್ಣು ಬೆಳಿಗ್ಗೆ ಇರಲ್ಲ. ಆಮೇಲೆ ಹೋಗಿ ಏನು ಅಳೆಯುತ್ತೀರಿ? ತೆಗೆಯುವ ಮೊದಲೇ ಟೇಪ್ ಹಿಡಿದ ಫೋಟೋ ಬೇಕು, ಕಿಲೋಮೀಟರ್ ಕಲ್ಲು ಕಾಣುವ ಹಾಗೆ. ಜೆಸಿಬಿಗೆ ಗಂಟೆ ಲೆಕ್ಕದ ಬಿಲ್ ಆದರೆ ಅದರ ಗಂಟೆ ಮೀಟರಿನ ಫೋಟೋ ಕೇಳಿ, ಶುರುವಿನದೊಂದು, ನಿಲ್ಲಿಸಿದಾಗಿನದೊಂದು. ಟಿಪ್ಪರ್ ಲೋಡ್ ಲೆಕ್ಕ ಬಂದರೆ ಇನ್ನೂ ಹುಷಾರಾಗಿರಿ. ಅಗೆದ ಮಣ್ಣು ಉಬ್ಬುತ್ತದೆ. ಗುಡ್ಡದಲ್ಲಿ 100 ಘನ ಮೀಟರ್ ಇದ್ದದ್ದು ಟಿಪ್ಪರಿಗೆ ಬೀಳುವಾಗ 120, 130 ಆಗಿರುತ್ತದೆ. ಆ ಉಬ್ಬನ್ನು ಕಳೆಯದೆ ಬಿಲ್ ಮಾಡಿದರೆ ಗಾಳಿಗೆ ದುಡ್ಡು ಕೊಟ್ಟ ಹಾಗೆ. "ಬಂಡೆ ಸಿಕ್ಕಿತು" ಅಂತ ಬರೆದಿದ್ದರೆ, ಒಡೆದ ಬಂಡೆ ಎಲ್ಲಿ ಹಾಕಿದಿರಿ ಅಂತ ಕೇಳಿ. ಮಣ್ಣಿಗಿಂತ ಬಂಡೆಗೆ ದರ ತುಂಬಾ ಜಾಸ್ತಿ. ಅಷ್ಟು ಕಲ್ಲು ಎಲ್ಲಾದರೂ ಬಿದ್ದಿರಲೇಬೇಕು.

ತಡೆಗೋಡೆ ಆದರೆ ಹಿಂಭಾಗಕ್ಕೆ ಮಣ್ಣು ತುಂಬುವ ಮೊದಲೇ ಹೋಗಿ. ನೀರು ಬಸಿಯುವ ಪೈಪ್ ಮುಂದಿನಿಂದ ಚೆನ್ನಾಗಿ ಕಾಣುತ್ತದೆ. ಅದರ ಹಿಂದೆ ಜೆಲ್ಲಿ ಹಾಕಿದ್ದಾರಾ ಅಂತ ಆಮೇಲೆ ದೇವರಿಗೇ ಗೊತ್ತು. ಸೈಟಿಗೆ ನಮ್ಮ ಜೊತೆ ಬನ್ನಿ. ಛತ್ರಿ ಬೇಡ, ರೇನ್‌ಕೋಟ್ ತನ್ನಿ.

ಸಣ್ಣ ಗುತ್ತಿಗೆದಾರ, ಕುಶಾಲನಗರ

ಎಲ್ಲರನ್ನೂ ಕಳ್ಳರ ಹಾಗೆ ನೋಡಬೇಡಿ ಮೇಡಂ. ಒಂದು ಕಚೇರಿಯಿಂದ ನನ್ನ ಬಿಲ್ ಐದು ಸಲ ವಾಪಸ್ ಬಂತು. ಪ್ರತಿ ಸಲ ಒಂದು ಹೊಸ ಆಕ್ಷೇಪಣೆ. ಇರುವ ತಪ್ಪನ್ನೆಲ್ಲ ಒಂದೇ ಪತ್ರದಲ್ಲಿ ಬರೆದಿದ್ದರೆ ಒಂದು ವಾರದ ಕೆಲಸ. ನಾನು ಆಗ ಆಳುಗಳಿಗೆ ಕೊಡಲು ಬಡ್ಡಿಗೆ ಸಾಲ ತಂದಿದ್ದೆ.

ಕಡಿತವನ್ನೂ ಸರಿಯಾಗಿ ನೋಡಿ. ಎರಡೂವರೆ ಲಕ್ಷ ಮೀರಿದ ಕರಾರಿಗೆ ಶೇ 2 ಜಿಎಸ್‌ಟಿ ಟಿಡಿಎಸ್ (ದುಡ್ಡು ಕೊಡುವಾಗಲೇ ಮಾಡುವ ತೆರಿಗೆ ಕಡಿತ) ಹಿಡಿಯುತ್ತಾರೆ. ಅದನ್ನು ತೆರಿಗೆ ಬಿಟ್ಟು ಉಳಿದ ಮೊತ್ತದ ಮೇಲೆ ಹಿಡಿಯಬೇಕು. ನನಗೆ ತೆರಿಗೆ ಸೇರಿಸಿದ ಮೊತ್ತದ ಮೇಲೆ ಹಿಡಿದಿದ್ದರು. ಜೆಲ್ಲಿ, ಎಂ-ಸ್ಯಾಂಡ್ ತಂದ ಪರ್ಮಿಟ್ ಇಟ್ಟಿದ್ದರೂ, ಅಂದರೆ ರಾಜಧನ (ಕಲ್ಲು, ಮರಳಿಗೆ ಸರ್ಕಾರಕ್ಕೆ ಕಟ್ಟುವ ಹಣ) ಆಗಲೇ ಕಟ್ಟಿದ್ದರೂ, ಮತ್ತೆ ಅದನ್ನು ಕಡಿದವರಿದ್ದಾರೆ.

ಲೆಕ್ಕ ಸಹಾಯಕಿ, ಪೊನ್ನಂಪೇಟೆ

ಒಂದೇ ಸೇರಿಸುತ್ತೇನೆ. ದೋಷ ಹೊಣೆ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರರೇ ಸರಿ ಮಾಡಿಕೊಡಬೇಕಾದ ಅವಧಿ) ಮುಗಿಯುವ ತಾರೀಕು, ಬ್ಯಾಂಕ್ ಗ್ಯಾರಂಟಿ (ಗುತ್ತಿಗೆದಾರರ ಪರವಾಗಿ ಬ್ಯಾಂಕ್ ಕೊಡುವ ಖಾತರಿ) ಮುಗಿಯುವ ತಾರೀಕು, ಎರಡನ್ನೂ ಬೇರೆ ಪುಸ್ತಕದಲ್ಲಿ ಬರೆದಿಡಿ. ನಾನಿದ್ದ ಕಡೆ ಒಂದು ಗೋಡೆಯ ಅವಧಿ ಮೇ ತಿಂಗಳಲ್ಲಿ ಮುಗಿಯಿತು. ಯಾರೂ ಹೋಗಿ ನೋಡಲಿಲ್ಲ, ಠೇವಣಿ ವಾಪಸ್ ಕೊಟ್ಟರು. ಜುಲೈಯಲ್ಲಿ ಗೋಡೆ ಹೊಟ್ಟೆ ಬಿಟ್ಟುಕೊಂಡಿತು. ರಿಪೇರಿ ಖರ್ಚು ಕಚೇರಿಯ ತಲೆಗೇ ಬಂತು.

ಕೇಳಿದವರು

ತುಂಬಾ ಥ್ಯಾಂಕ್ಸ್. ತಾರೀಕಿನ ಹಾಳೆ ಮಾಡಿದೆ. ಹನ್ನೊಂದು ಫೈಲಿನಲ್ಲಿ ಎರಡು ತಾಳೆ ಆಗುತ್ತಿಲ್ಲ. ಒಂದರ ಬಗ್ಗೆ ಕೇಳಿದ್ದಕ್ಕೆ "ಸಾಹೇಬರು ಆಗಲೇ ಓಕೆ ಅಂದಿದ್ದಾರೆ, ಸುಮ್ನೆ ಸಹಿ ಮಾಡಿ" ಅಂದರು. ಏನು ಮಾಡಲಿ?

ನಿವೃತ್ತ ಲೆಕ್ಕ ಅಧೀಕ್ಷಕ, ವಿರಾಜಪೇಟೆ

ಜಗಳ ಬೇಡ. ಎರಡು ತಾರೀಕನ್ನೂ ಪುಟ ಸಂಖ್ಯೆ ಸಮೇತ ಟಿಪ್ಪಣಿಯಲ್ಲಿ ಬರೆದು, "ಆದೇಶಕ್ಕಾಗಿ" ಅಂತ ಮೇಲಕ್ಕೆ ಕಳಿಸಿ. ಸಾಹೇಬರು ಬಾಯಲ್ಲಿ ಹೇಳಿದ್ದಕ್ಕೆ ಪುಟ ಸಂಖ್ಯೆ ಇರಲ್ಲ. ಓಕೆ ಇದ್ದರೆ ಅವರೇ ಬರೆಯಲಿ. ಮಾರ್ಚ್ ಕೊನೆಯ ವಾರದಲ್ಲಿ ಬರುವ ಬಿಲ್ಲುಗಳಿಗೂ ಇದೇ ದಾರಿ, ರಾತ್ರಿ ಹತ್ತು ಗಂಟೆ ಆದರೂ.

ಕೇಳಿದವರು

ಹಾಗೇ ಬರೆದು ಕಳಿಸಿದೆ ಸರ್. ಫೈಲ್ ಇನ್ನೂ ಮೇಲಿದೆ. ನಿನ್ನೆ ಮಣ್ಣು ತುಂಬುವ ಮೊದಲೇ ಒಂದು ಗೋಡೆ ನೋಡಲು ಹೋಗಿದ್ದೆ. ಪೈಪಿನ ಹಿಂದೆ ಜೆಲ್ಲಿ ಇರಲಿಲ್ಲ. ನಾನು ನಿಂತಿದ್ದಾಗಲೇ ಹಾಕಿಸಿದರು. ಆದರೆ ಜಿಗಣೆ ವಿಷಯ ಯಾರೂ ಹೇಳಲೇ ಇಲ್ಲವಲ್ಲ!

ಜೆಇ, ಸೋಮವಾರಪೇಟೆ ಕಡೆ

ಸುಣ್ಣ, ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ ಮೇಡಂ. ಕಚ್ಚಿದ ಕಡೆ ಒತ್ತಿದರೆ ಬಿಡುತ್ತದೆ.