ನೀಲಿ ಲೈಟಿನಲ್ಲಿ ಝೋವಾ ಫೋಟೊ: ಬಣ್ಣವೂ ಬರ್ತಿಲ್ಲ, ಫೋಕಸ್ಸೂ ನಿಲ್ತಿಲ್ಲ

ಪ್ರಶ್ನೆ

ಜಯನಗರದ ಮನೆಯಲ್ಲಿ ಎರಡಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಝೋವಾ (ಪುಟ್ಟ ಹೂವಿನಂತೆ ಕಾಣುವ ಕೋರಲ್, ಅಂದರೆ ಹವಳದ ಜಾತಿಯ ಜೀವಿ), ಮಶ್ರೂಮ್ ಕೋರಲ್ ಇಟ್ಟಿದ್ದೇನೆ. ಝೋವಾ ಒಂದೊಂದೂ ಅಂಗಿ ಗುಂಡಿಯಷ್ಟಿದೆ. ನಡುವೆ ಹಸಿರು, ಸುತ್ತಲಿನ ಎಳೆಗಳು ಕಿತ್ತಳೆ. ಫೋಟೊದಲ್ಲಿ ಮಾತ್ರ ಬರೀ ನೀಲಿ! ಯಾವುದೋ ಒಂದು ಎಳೆ ಶಾರ್ಪ್ ಬಂದರೆ ಉಳಿದದ್ದೆಲ್ಲ ಮಸುಕು. ಪಕ್ಕದಿಂದ ತೆಗೆದರೆ ಅಂಚಿನಲ್ಲಿ ನೇರಳೆ ಗೆರೆ ಬೇರೆ. ಕ್ಯಾನನ್ 700ಡಿ, 50 ಎಂಎಂ 1.8, ಜೊತೆಗೆ ವಿದ್ಯುತ್ ಕಾಂಟ್ಯಾಕ್ಟ್ ಇಲ್ಲದ ಅಗ್ಗದ ಎಕ್ಸ್‌ಟೆನ್ಷನ್ ಟ್ಯೂಬ್ (ಹತ್ತಿರದಿಂದ ತೆಗೆಯಲು ಲೆನ್ಸ್, ಕ್ಯಾಮೆರಾ ನಡುವೆ ಹಾಕುವ ಟೊಳ್ಳು ಉಂಗುರ). 7, 14, 28 ಎಂಎಂ ಮೂರೂ ಉಂಗುರ ಹಾಕಿದ್ದೇನೆ. ಮ್ಯಾಕ್ರೋ ಲೆನ್ಸೇ ಬೇಕಾ?

ಉತ್ತರ

ಬೇಡ, ಇರುವುದರಲ್ಲೇ ಆಗುತ್ತದೆ. ಕಾಂಟ್ಯಾಕ್ಟ್ ಇಲ್ಲದ ಟ್ಯೂಬ್ ಅಲ್ವಾ, ಕ್ಯಾಮೆರಾದ ಮಾತು ಲೆನ್ಸಿಗೆ ಮುಟ್ಟುವುದಿಲ್ಲ; ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) 1.8ರಲ್ಲೇ ಪೂರ್ತಿ ತೆರೆದಿರುತ್ತದೆ. ಇಷ್ಟು ಹತ್ತಿರದಲ್ಲಿ ಅರ್ಧ ಮಿಲಿಮೀಟರ್ ಕೂಡ ಫೋಕಸ್ಸಿಗೆ ಸಿಗುವುದಿಲ್ಲ. ಲೆನ್ಸನ್ನು ನೇರವಾಗಿ ಕ್ಯಾಮೆರಾಗೆ ಹಾಕಿ, ಅಪರ್ಚರ್ ಕಿರಿದಾಗಲು ಎಫ್/8 ಇಡಿ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿ. ಅಪರ್ಚರ್ ಹಾಗೇ ನಿಂತುಬಿಡುತ್ತದೆ. ಆಮೇಲೆ ಟ್ಯೂಬ್ ಹಾಕಿ. ಅದೂ 28ರ ಉಂಗುರ ಒಂದೇ ಸಾಕು, ನಿಜಗಾತ್ರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಫ್ರೇಮಿನಲ್ಲಿ ಮೂರ್ನಾಲ್ಕು ಝೋವಾ ಕೂರುತ್ತವೆ. ಮೂರೂ ಹಾಕಿದರೆ ಲೆನ್ಸು ಗಾಜಿಗೆ ತಾಗಿದರೂ ಹಿಂದಿರುವ ಕೋರಲ್ ಸಿಗುವುದಿಲ್ಲ.

ಇನ್ನು ಬಣ್ಣ. ಎಲ್ಲರೂ ಸೋಲುವುದು ಇಲ್ಲೇ. ರೀಫ್ ಎಲ್‌ಇಡಿಯ (ಕೋರಲ್ ಟ್ಯಾಂಕಿನ ಲೈಟು) ರಾಯಲ್ ಬ್ಲೂ ಸುಮಾರು 450 ನ್ಯಾನೊಮೀಟರ್. ಕೋರಲ್ ಆ ನೀಲಿಯನ್ನು ಹೀರಿಕೊಂಡು ಹಸಿರು, ಕಿತ್ತಳೆ ಬೆಳಕನ್ನು ಹೊರಗೆ ಬಿಡುತ್ತದೆ. ನಿಮ್ಮ ಕಣ್ಣಿಗೆ ಹಿಡಿಸಿದ್ದು ಆ ಬೆಳಕೇ. ಆದರೆ ಎಲ್‌ಇಡಿಯ ನೀಲಿ ಅದಕ್ಕಿಂತ ಎಷ್ಟೋ ಜೋರು. ಸೆನ್ಸರಿನಲ್ಲಿ ನೀಲಿ ಚಾನೆಲ್ ತುಂಬಿ ತುಳುಕುತ್ತದೆ, ಕೆಂಪಿನಲ್ಲಿ ಹೆಚ್ಚೇನೂ ಇರುವುದಿಲ್ಲ. ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಎಳೆದಾಡಿದರೆ ಆ ಕೆಂಪಿನ ಜೊತೆ ನಾಯ್ಸೂ (ಚುಕ್ಕಿ ಚುಕ್ಕಿ) ಎದ್ದು ಬರುತ್ತದೆ, ಅಷ್ಟೇ.

ಅದಕ್ಕೇ ಲೆನ್ಸಿನ ಮುಂದೆ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಾಕಬೇಕು. ಎಲ್‌ಇಡಿಯ ನೀಲಿಯನ್ನು ಅದು ಅಲ್ಲೇ ತಡೆಯುತ್ತದೆ, ಕೋರಲ್ಲಿನ ಸ್ವಂತ ಬೆಳಕು ಒಳಗೆ ಬರುತ್ತದೆ. ಅವೆನ್ಯೂ ರೋಡಿನ ಸ್ಟೇಷನರಿ ಅಂಗಡಿಗಳಲ್ಲಿ ಬಣ್ಣದ ಜಿಲೇಟಿನ್ ಪೇಪರ್ ಕೇಳಿ, ಸುಕ್ಕಿಲ್ಲದ ತುಂಡನ್ನು ಲೆನ್ಸಿಗೆ ಬಿಗಿಯಾಗಿ ಕಟ್ಟಿ ನೋಡಿ. ಸ್ವಲ್ಪ ಶಾರ್ಪ್‌ನೆಸ್ ಹೋಗುತ್ತದೆ. ಬಣ್ಣ ಇಷ್ಟವಾದರೆ ಗಾಜಿನ ಫಿಲ್ಟರ್ ತಗೊಳ್ಳಿ. ಲೈಟಿನ ಬಿಳಿ ಚಾನೆಲ್ಲನ್ನೂ ಸ್ವಲ್ಪ ಏರಿಸಿ. ರಾ ಫಾರ್ಮ್ಯಾಟಿನಲ್ಲೇ (ಸೆನ್ಸರಿನ ಮಾಹಿತಿ ಪೂರ್ತಿ ಉಳಿಯುವ ಫೈಲ್) ತೆಗೆಯಿರಿ, ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಪ್ರಮಾಣ ತೋರಿಸುವ ಗ್ರಾಫ್) ನೀಲಿ ತುಂಬಿ ತುಳುಕುತ್ತಿದೆಯಾ ಅಂತ ಬೇರೆಯಾಗಿ ನೋಡಿ.

ನೇರಳೆ ಗೆರೆಗೆ ಕಾರಣ ಓರೆ ಕೋನ. ನೀರು, ಗಾಜು ದಾಟುವಾಗ ಒಂದೊಂದು ಬಣ್ಣ ಒಂದೊಂದು ಥರ ಬಾಗುತ್ತದೆ. ಲೆನ್ಸು ಗಾಜಿಗೆ ನೇರ ಎದುರಿಗಿರಲಿ.

ಪ್ರಶ್ನೆ ಕೇಳಿದವರು

ಕಿತ್ತಳೆ ಬಂತು! ತುಂಬಾ ಥ್ಯಾಂಕ್ಸ್. ಆದರೆ ಫಿಲ್ಟರಿನಿಂದ ಬೆಳಕು ಕಡಿಮೆಯಾಗಿ ಶಟರ್ 1/15ಕ್ಕೆ ಇಳಿದಿದೆ, ಎಳೆಗಳು ಅಲ್ಲಾಡುತ್ತವೆ. ಮೂಲೆಯಲ್ಲಿರುವ ಕಲ್ಲು ಗಾಜಿಗೆ ಮುಖ ಮಾಡಿಯೂ ಇಲ್ಲ. ತಿರುಗಿಸಲಾ?

ಉತ್ತರ

ಟ್ರೈಪಾಡ್ ಇಡಿ, ಐಎಸ್ಒ 800 ಅಥವಾ 1600 ಮಾಡಿ. ವೇವ್‌ಮೇಕರ್ (ಟ್ಯಾಂಕಿನಲ್ಲಿ ಅಲೆ ಎಬ್ಬಿಸುವ ಪಂಪ್), ರಿಟರ್ನ್ ಪಂಪ್ (ನೀರನ್ನು ಟ್ಯಾಂಕಿಗೆ ಮರಳಿಸುವುದು) ಎರಡನ್ನೂ ಹತ್ತು ನಿಮಿಷ ಆಫ್ ಮಾಡಿ, ನೀರು ಪೂರ್ತಿ ನಿಂತ ಮೇಲೆ ಟೈಮರ್ ಹಾಕಿ ಕ್ಲಿಕ್ ಮಾಡಿ. ಪಂಪ್ ಮತ್ತೆ ಆನ್ ಮಾಡುವುದು ಮರೆಯದಂತೆ ಫೋನಿನಲ್ಲಿ ಅಲಾರಂ ಇಡಿ.

ಕಲ್ಲನ್ನು ತಿರುಗಿಸಬಹುದು, ಆದರೆ ಸುಮ್ನೆ ಬರಿಗೈ ಹಾಕಬೇಡಿ. ಝೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ಜೋರು ವಿಷ ಇರಬಹುದು. ಕೈಯಲ್ಲಿ ಗಾಯವಿದ್ದರೆ, ಆ ಕೈ ಕಣ್ಣಿಗೆ ತಾಗಿದರೆ ಅಪಾಯ. ಗ್ಲೌಸ್, ಕನ್ನಡಕ ಎರಡೂ ಹಾಕಿ. ಮುಟ್ಟಿದ ಮೇಲೆ ಮುದುಡಿಕೊಳ್ಳುತ್ತವೆ, ಅವತ್ತು ಬಿಟ್ಟು ಮರುದಿನ ಫೋಟೊ ತೆಗೆಯಿರಿ.